ಕೆರೆಯಜ್ಜನಿಗೆ ಊರು ತೋರಿಸಿದ್ದು

ನವೆಂಬರ್ ಒಂಬತ್ತನೇ ತಾರೀಖು. ಹೊಲದ ಕೆಲಸವೆಲ್ಲ ಮುಗಿದು, ಎಲೆಕೋಸು ಪೀಪಾಯಿಯೊಳಗೆ ಹುಳಿಯತೊಡಗಿ, ಮರಗಳು ಇದ್ದಬದ್ದ ಎಲೆಗಳನ್ನು ಕೊಡವಿ ಬರಿಗೈಯಲ್ಲಿ ನಿಂತಿರುವ ಕಾಲ. ತಾಲಿನ್ ಪಟ್ಟಣದ ಜನ ಇದನ್ನು ಸತ್ತವರ ತಿಂಗಳು ಎನ್ನುತ್ತಾರೆ. ಹೋದವರು ತಂತಮ್ಮ ಮನೆಗಳನ್ನು ಒಮ್ಮೆ ನೋಡಿಕೊಂಡು ಹೋಗಲು ಬರುತ್ತಾರೆಂದು ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಟ್ಟು, ಮೆಲ್ಲಗೆ ಮಾತಾಡಿ, ಬಾಗಿಲನ್ನು ಧಡಾರನೆ ಹಾಕದೆ ದಿನ ದೂಡುತ್ತಾರೆ. ಅಂಥ ಕಾಲದಲ್ಲಿ ಹಗ್ಗದವರ ಓಣಿಯ ಮಂಜಿನೊಳಗೆ ಬೆಳಗಿನಿಂದ ಟಣ್ ಟಣ್ ಎಂದು ಸುತ್ತಿಗೆಯ ಸದ್ದು ಮಾಡುತ್ತಿದ್ದವನು ಎಲ್ಮಾರ್ ಕಸ್ಕ್ ಒಬ್ಬನೇ.

ಎಲ್ಮಾರ್ ಬೀದಿಗೆ ಕಲ್ಲು ಹಾಸುವವನು. ಹಳ್ಳಿಯಿಂದ ಬಂದು ಮೂವತ್ತೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಈ ಹಳೇ ಪಟ್ಟಣವನ್ನು ಮಂಡಿಯೂರಿಕೊಂಡೇ ನೋಡಿದ್ದ. ಯಾವ ಓಣಿಯ ಯಾವ ಕಲ್ಲು ಮಳೆಗೆ ಜಾರುತ್ತದೆ, ಯಾವುದು ಗಾಡಿ ಹೋದರೆ ಅಲುಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಗೋಪುರಗಳ ವಿಷಯ ಕೇಳಿದರೆ ಮಾತ್ರ, “ಮೇಲೆ ಇದಾವೆ” ಎನ್ನುತ್ತಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ಓಣಿಯಲ್ಲಿ ಒಂದೇ ಒಂದು ಕಲ್ಲಿನ ಜಾಗ ಉಳಿಯಿತು. ಮೊದಲ ಮಹಡಿಯ ಕಿಟಕಿಯಲ್ಲಿ ಹೆಣಿಗೆ ಹಿಡಿದು ಕೂತಿದ್ದ ಹಿಲ್ಯಾ ಅತ್ತೆ ಕನ್ನಡಕ ಏರಿಸಿದಳು. ಓಣಿಗೆಲ್ಲ ಅತ್ತೆಯಾದ ಅವಳಿಗೆ ಎಂಬತ್ತೆರಡು, ಹುಟ್ಟಿದ್ದೂ ಬೆಳೆದದ್ದೂ ಅದೇ ಕಿಟಕಿಯ ಹಿಂದೆ.

“ಎಲ್ಮಾರ್, ಅದೊಂದು ಬಿಟ್ಟುಬಿಡಪ್ಪ. ಕ್ರಿಸ್‌ಮಸ್ ಕಳೀಲಿ.”

“ಈ ವರ್ಷ ಬಿಡೋ ಹಾಗಿಲ್ಲ ಅತ್ತೆ. ಸಾಹೇಬರ ಅಪ್ಪಣೆ.”

ಸಾಹೇಬ ಎಂದರೆ ಬೀದಿ ಕಚೇರಿಯ ಹೊಸ ಎಂಜಿನಿಯರ್ ರೈವೊ. ಟಾರ್ಟು ಪಟ್ಟಣದವನು. ಅವನು ಬಂದ ವರ್ಷವೇ ಅಗೆದ ಗುಂಡಿಗಳನ್ನೆಲ್ಲ ಮುಚ್ಚಿಸಿ, ಚರ್ಚಿನ ಶಿಖರಕ್ಕೆ ಕಟ್ಟಿದ್ದ ಸಾರುವೆ ಬಿಚ್ಚಿಸಿ, ನಾಲ್ಕು ಮಂತ್ರಿಮಂಡಲ ಕಂಡಿದ್ದ ಅರ್ಧ ಗಾರೆಯ ಗೋಡೆಗೆ ಪೂರ್ತಿ ಗಾರೆ ಹಾಕಿಸಿದ್ದ. ಅಲ್ಲಿಯತನಕ ಆ ಊರಲ್ಲಿ ಒಂದು ಪದ್ಧತಿ ಇತ್ತು. ಚಳಿಗಾಲಕ್ಕೆ ಮುಂಚೆ ಯಾವ ಕೆಲಸಗಾರನೂ ಕೆಲಸವನ್ನು ಪೂರ್ತಿ ಮಾಡುತ್ತಿರಲಿಲ್ಲ. ಕಲ್ಲಿನವನು ಒಂದು ಕಲ್ಲು, ಬಡಗಿ ಒಂದು ಮೊಳೆ, ಬಣ್ಣದವನು ಒಂದು ಅಂಗೈಯಗಲ ಬಾಕಿ ಬಿಟ್ಟು ಏಳುತ್ತಿದ್ದ. ಸೋಮಾರಿತನಕ್ಕೆ ಇಷ್ಟು ಗೌರವದ ಕಾರಣ ಸಿಕ್ಕಿದ ಊರು ಲೋಕದಲ್ಲಿ ಇನ್ನೊಂದಿರಲಾರದು ಎಂದು ಟಾರ್ಟುವಿನವರು ನಗುತ್ತಿದ್ದರು. ರೈವೊ ನಗಲಿಲ್ಲ, ಆಜ್ಞೆ ಹೊರಡಿಸಿದ.

ಎಲ್ಮಾರ್ ಕೊನೆಯ ಕಲ್ಲನ್ನು ಕೂರಿಸಿ ಮೂರು ಏಟು ಹಾಕಿದ. ಮೂರನೆಯ ಏಟಿಗೆ ಓಣಿಯ ಮಳೆನೀರಿನ ಕೊಳವೆಗಳೆಲ್ಲ, ಮಳೆಯಿಲ್ಲದೆಯೇ, ಒಂದೊಂದು ಹನಿ ಉದುರಿಸಿದವು. ಹಿಲ್ಯಾ ಅತ್ತೆ ಕಿಟಕಿ ಮುಚ್ಚಿಕೊಂಡಳು.

ಮನೆಗೆ ಹೋದರೆ ಹೆಂಡತಿ ಸಾಲ್ಮೆ ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಅವಳು ಬಂದವರಿಗೆ ಕಾಲ್ನಡಿಗೆಯಲ್ಲಿ ಹಳೇ ಪಟ್ಟಣ ತೋರಿಸುವವಳು. ಇಪ್ಪತ್ತು ವರ್ಷ ದಿನಕ್ಕೆರಡು ಸಲ ಆ ಚಳಿಯಲ್ಲಿ ಮಾತಾಡಿದ ಗಂಟಲು ನಾಲ್ಕು ದಿನದ ಹಿಂದೆ ಕೈಕೊಟ್ಟಿತ್ತು. ಪಿಸುಮಾತೂ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಕೊರಳಲ್ಲಿ ಚಿಕ್ಕ ಪುಸ್ತಕ, ಪೆನ್ಸಿಲು ನೇತುಹಾಕಿಕೊಂಡಿದ್ದಳು. ಮಧ್ಯಾಹ್ನ ಎರಡಕ್ಕೆ ವೊರು ಕಡೆಯ ಎಂಟು ಜನ ನಿವೃತ್ತ ಅಂಚೆ ನೌಕರರು ಬರುವವರಿದ್ದರು.

“ಅದಕ್ಯಾಕೆ ಇಷ್ಟು ಯೋಚನೆ? ನಾನು ಹೋಗ್ತೀನಿ,” ಎಂದ ಎಲ್ಮಾರ್, ನೆಲದ ಮೇಲೆ ಸಾಲಾಗಿ ಇಟ್ಟಿದ್ದ ಹಣ್ಣಿನ ಮುರಬ್ಬದ ಜಾಡಿಗಳನ್ನು ಜಾಗ್ರತೆಯಾಗಿ ದಾಟುತ್ತ. “ಮುಂದೆ ನಡೆಯೋದು, ಕೈ ತೋರಿಸೋದು. ಅದೇನು ಮಹಾ ವಿದ್ಯೆ? ಅವರು ನಡೆಯೋ ಕಲ್ಲೆಲ್ಲ ಯಾರು ಹಾಕಿದ್ದು?”

ಸಾಲ್ಮೆ ಗಂಡನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಜಾಡಿಗಳನ್ನು, ಆಮೇಲೆ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಮೂರು ಹಲಗೆಗಳನ್ನು ನೋಡಿದಳು. ಜಾಡಿಗಳಿಗೆ ಕಪಾಟು ಮಾಡಿಕೊಡುತ್ತೇನೆಂದು ಅವನು ತಂದಿಟ್ಟ ಹಲಗೆಗಳವು. ತಂದು ಇಪ್ಪತ್ತೆರಡು ವರ್ಷವಾಗಿತ್ತು. ಅವಳು ಪುಸ್ತಕದಲ್ಲಿ ಬರೆದಳು: “ಹೋಗು. ಹಿಂದಿನವರಿಗೆ ಗುರುತಿಗೆ ಬಿಳಿ ಕೊಡೆ ತಗೊಂಡು ಹೋಗು. ಆಗಾಗ ತಲೆ ಎಣಿಸು.”

ಎಲ್ಮಾರನ ವಿದ್ವತ್ತಿನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಊರು ತೋರಿಸಿದ್ದು ಸುಳ್ಳಲ್ಲ; ಆದರೆ ಆ ಎಂಟೂ ಜನ ಇಡೀ ತಾಲಿನ್ನನ್ನು ತಲೆ ತಗ್ಗಿಸಿಕೊಂಡೇ ನೋಡಿದರು.

“ಈ ಕಲ್ಲು ನೋಡಿ. ಇದು ಸಾರೆಮಾ ದ್ವೀಪದ್ದು. ಇದರ ಪಕ್ಕದ್ದು ದ್ವೀಪದ್ದಲ್ಲ, ಮೋಸದ್ದು.”

“ಮೇಲಿರೋದು ಏನಪ್ಪಾ, ಆ ದುಂಡು ಬುರುಜು?” ಎಂದು ಒಬ್ಬ ಅಂಚೆ ಮಾಸ್ತರು ಕೇಳಿದ.

“ಅದು ಅಡುಗೆಮನೆ ಇಣುಕುವ ಗೋಪುರ. ಹಿಂದೆ ಕಾವಲಿನವರು ಅಲ್ಲಿಂದ ಕೆಳಗಿನ ಮನೆಯವರ ಒಲೆ ಮೇಲೆ ಏನಿದೆ ಅಂತ ನೋಡ್ತಿದ್ರಂತೆ. ಅದಿರಲಿ, ಅದರ ಬುಡದ ಕಲ್ಲು ನೋಡಿ, ಎಂಥ ಕೂರಿಕೆ!”

ಚೌಕದಲ್ಲಿ ನಿಂತು ತಲೆ ಎಣಿಸಿದ. ಒಂಬತ್ತು ಬಂತು. ಎಣಿಕೆಯಲ್ಲಿ ತಾನು ಸ್ವಲ್ಪ ಹಿಂದೆ ಎಂಬುದು ಅವನಿಗೆ ತಿಳಿದಿದ್ದೇ. ಉದ್ದಕಾಲು ಓಣಿಯ ಕಮಾನಿನಡಿ ಮತ್ತೆ ಎಣಿಸಿದ. ಒಂಬತ್ತು. ಅಂಚೆಯವರನ್ನೇ ಎಣಿಸಲು ಹೇಳಿದ. ಜೀವಮಾನವೆಲ್ಲ ಕಾಗದ ಎಣಿಸಿದವರು, ತಪ್ಪುವ ಪೈಕಿಯವರಲ್ಲ.

“ನಾವು ಎಂಟೇ,” ಎಂದ ಮಾಸ್ತರು. ಆಮೇಲೆ ದನಿ ಇಳಿಸಿ, “ಆದರೆ ಇರೋದು ಒಂಬತ್ತು,” ಎಂದ.

ಎಲ್ಲರ ಹಿಂದೆ, ಮಂಜು ದಟ್ಟವಾಗುವ ಕಡೆ, ಒಬ್ಬ ಕುಳ್ಳ ಮುದುಕ ನಿಂತಿದ್ದ. ಕೋಟನ್ನು ಒಳಮೈ ಹೊರಗೆ ಮಾಡಿ ತೊಟ್ಟಿದ್ದ. ಗಡ್ಡ ಹಸಿರೋ ಬೂದಿಯೋ ಹೇಳಲಾಗದು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ನಡೆದು ಬಂದ ದಾರಿಯುದ್ದಕ್ಕೂ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು. ಮೊದಲನೆಯದೂ ಇನ್ನೂ ಆರಿರಲಿಲ್ಲ.

ಅವನನ್ನು ಕಂಡು ಎಲ್ಮಾರನಿಗೆ ಭಯವಾಗುವ ಬದಲು ತನ್ನ ಹಳ್ಳಿಯ ನೆನಪು ಬಂತು. ಆ ದಿನ ಮಾರ್ತ್ ಹಬ್ಬದ ಮುನ್ನಾದಿನ. ಹಳ್ಳಿಗಳಲ್ಲಿ ಅವತ್ತು ಗಂಡಸರು ಕೋಟು ತಿರುವಿ ತೊಟ್ಟು, ನಾರಿನ ಗಡ್ಡ ಕಟ್ಟಿ, ಮನೆಮನೆಗೆ ವೇಷ ಹೋಗುತ್ತಾರೆ. ವೇಷದವರ ಹಿರಿಯ ಮಾರ್ತ್ ತಂದೆ. ಅವನು ಹೊಸ್ತಿಲಲ್ಲಿ ನಿಂತು ಕಾಳು ಎರಚಿ, “ಹೊಲದ ಕೆಲಸ ಮುಗೀತೇನಪ್ಪ?” ಎಂದು ಕೇಳುತ್ತಾನೆ. ಮನೆಯ ಯಜಮಾನ ಟೋಪಿ ತೆಗೆದು, “ಮುಗೀತು ತಂದೆ, ಎಲ್ಲ ಮುಗೀತು,” ಎನ್ನಬೇಕು. ತಿನ್ನಲು ಏನಾದರೂ ಕೊಟ್ಟು ಕಳಿಸಬೇಕು. ಇಲ್ಲ ಎಂದರೆ ಮನೆತನಕ್ಕೇ ಅವಮಾನ, ಬರುವ ವರ್ಷದ ಬೆಳೆಗೆ ಕೇಡು. ಎಲ್ಮಾರನ ಅಪ್ಪ, ಬಾರ್ಲಿ ಇನ್ನೂ ಹೊಲದಲ್ಲೇ ನಿಂತಿದ್ದ ವರ್ಷವೂ, ಟೋಪಿ ತೆಗೆದು “ಮುಗೀತು ತಂದೆ” ಎಂದೇ ಹೇಳಿದ್ದ.

ನಡಿಗೆ ಹಗ್ಗದವರ ಓಣಿಯಲ್ಲಿ ಮುಗಿಯಿತು. ಎಲ್ಮಾರ್ ಬೇಕೆಂತಲೇ ತಾನು ಕೂರಿಸಿದ ಕೊನೆಯ ಕಲ್ಲಿನ ಮೇಲೆ ನಿಂತಿದ್ದ. ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ, ಬೆಳಕು ಆಗಲೇ ಗಂಟುಮೂಟೆ ಕಟ್ಟಿತ್ತು. ಮುದುಕ ಮುಂದೆ ಬಂದ. ಅವನ ಜೊತೆ ಪಾಚಿಯ ವಾಸನೆ ಬಂತು.

“ಊರು ಕಟ್ಟೋದು ಮುಗೀತೇನಪ್ಪ?”

ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಎಲ್ಮಾರನ ಕೈ ತಾನಾಗಿ ಟೋಪಿಗೆ ಹೋಯಿತು.

“ಮುಗೀತು ತಂದೆ. ಎಲ್ಲ ಮುಗೀತು.”

“ಒಂದೂ ಬಾಕಿ ಇಲ್ವಾ?”

“ಒಂದು ಕಲ್ಲೂ ಇಲ್ಲ. ಕೊನೇದನ್ನ ಇವತ್ತು ಹನ್ನೊಂದು ಗಂಟೆಗೆ ನಾನೇ ಕೂರಿಸಿದೆ. ನಿಂತು ನೋಡಿ ಬೇಕಾದ್ರೆ!”

ಅಂಚೆಯವರೂ ಹಳ್ಳಿಯವರೇ. “ಭಲೇ! ಯಜಮಾನ ಅಂದ್ರೆ ಹೀಗಿರಬೇಕು!” ಎಂದು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು.

ಮುದುಕ ಮಾತ್ರ ನಗಲಿಲ್ಲ. “ಎಷ್ಟು ವರ್ಷದಿಂದ ಕೇಳ್ತಿದ್ದೆ,” ಎಂದ. “ಹಾಗಾದ್ರೆ ನಾಳೆ ಎರಡು ಗಂಟೆಗೆ ಬರ್ತೀನಿ. ಒಂದು ಸುತ್ತು ಎಲ್ಲಾ ತೋರಿಸು. ನೋಡಿದ ಮೇಲೆ ನನ್ನ ಕೆಲಸ ನಾನು ಶುರು ಮಾಡ್ತೀನಿ.” ಜೇಬಿನಿಂದ ಒಂದು ಹಿಡಿ ತೆಗೆದು ಎರಚಿದ. “ಕೊಡೋದೇನಿದೆ?”

“ಅಯ್ಯೋ ತಂದೆ, ಕೈಯಲ್ಲಿ ಕೊಡೆ ಬಿಟ್ಟರೆ ಏನೂ ಇಲ್ಲ. ನಾಳೆ ಖಂಡಿತ ಕೊಡ್ತೀನಿ.”

“ನೆನಪಿರಲಿ,” ಎಂದ ಮುದುಕ. ಮಂಜು ಅವನನ್ನು ನುಂಗಿತೋ, ಅವನೇ ಮಂಜನ್ನು ಹೊದ್ದುಕೊಂಡನೋ, ಕಾಣದಾದ.

ಎಲ್ಮಾರ್ ಶುಭವಾಗಲೆಂದು ಆ ಕಾಳನ್ನು ಬಳಿದು ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಮೇಜಿನ ಮೇಲೆ ಸುರಿದರೆ ಕಾಳಿರಲಿಲ್ಲ. ಕೆರೆಯ ಮರಳು, ನಾಲ್ಕಾರು ಬಸವನಹುಳುವಿನ ಚಿಪ್ಪು.

ಸಾಲ್ಮೆ ಬರೆದಳು: “ಯಾರು ಕೊಟ್ಟಿದ್ದು?”

“ಮಾರ್ತ್ ವೇಷದವನು. ಒಳ್ಳೇ ಮುದುಕ. ಊರು ಮುಗೀತಾ ಅಂದ. ಮುಗೀತು ತಂದೆ ಅಂದೆ.”

ಸಾಲ್ಮೆಯ ಪೆನ್ಸಿಲಿನ ಮೊನೆ ಪಟ್ಟೆಂದು ಮುರಿಯಿತು. ತಾಲಿನ್ನಿನಲ್ಲಿ ಹುಟ್ಟಿದ ಕೂಸು ಅಮ್ಮ ಅನ್ನುವ ಮೊದಲೇ ಕಲಿಯುವ ಸಂಗತಿಯೊಂದಿದೆ. ಊರಿಗಿಂತ ಎತ್ತರದಲ್ಲಿ ಊಲೆಮಿಸ್ತೆ ಎಂಬ ಕೆರೆ. ಅದರೊಳಗೆ ಕೆರೆಯಜ್ಜ. ವರ್ಷಕ್ಕೊಂದು ಸಲ, ಶರತ್ಕಾಲ ಮುಗಿಯುವ ಹೊತ್ತಿಗೆ, ಅವನು ಇಳಿದು ಬಂದು ಕೇಳುತ್ತಾನೆ: ಊರು ಮುಗಿಯಿತೇ? ಇಲ್ಲ, ಇನ್ನೂ ಬಹಳ ಇದೆ ಎನ್ನಬೇಕು. ಆಗ ಗೊಣಗಿಕೊಂಡು ಹೋಗುತ್ತಾನೆ. ಮುಗಿಯಿತು ಎಂದರೆ ಕೆರೆಯ ಕಟ್ಟೆ ಒಡೆದು ಊರನ್ನು ಮುಳುಗಿಸುತ್ತಾನೆ. ಎಂಟು ನೂರು ವರ್ಷದಿಂದ ಕಾವಲುಗಾರರು, ಕುಡುಕರು, ಯಾವ ಯಾವುದೋ ದೇಶದ ಸಿಪಾಯಿಗಳು ಸಹ ಸರಿಯಾದ ಉತ್ತರವನ್ನೇ ಹೇಳಿಕೊಂಡು ಬಂದಿದ್ದರು. ಮೂವತ್ತೊಂದು ವರ್ಷ ಈ ಕತೆಯನ್ನು ಕಿವಿಗೇ ಹಾಕಿಕೊಳ್ಳದ ಹಳ್ಳಿಯ ಸಂಭಾವಿತ ಎಲ್ಮಾರ್ ಕಸ್ಕ್ ಬಂದು ಟೋಪಿ ತೆಗೆದು ಕೆಡಿಸಿದ್ದ.

ಸಾಲ್ಮೆ ಬಾಯಿ ತೆರೆದಳು. ಗಾಳಿಯಷ್ಟೇ ಹೊರಟಿತು. ಆ ಗಾಳಿಯಲ್ಲಿ ಏನೇನಿತ್ತೆಂಬುದು ಮೂವತ್ತು ವರ್ಷ ಸಂಸಾರ ಮಾಡಿದ ಎಲ್ಮಾರನಿಗೆ ಅಕ್ಷರಶಃ ತಿಳಿಯಿತು.

ಬೆಳಗಾಗುವಷ್ಟರಲ್ಲಿ ಓಣಿಯ ನೆಲಮಾಳಿಗೆಗಳಲ್ಲೆಲ್ಲ ಮಂಡಿಯುದ್ದ ನೀರು. ಚಳಿಗಾಲಕ್ಕೆ ಕೂಡಿಟ್ಟ ಆಲೂಗಡ್ಡೆಗಳು ತೇಲುತ್ತ ಒಂದಕ್ಕೊಂದು ಮೆತ್ತಗೆ ಡಿಕ್ಕಿ ಹೊಡೆಯುತ್ತಿದ್ದವು. ಎಲ್ಮಾರ್ ಲಾಂದ್ರ ಹಿಡಿದು ಇಳಿದರೆ ಎರಡು ಮೀನು ತಲೆಯೆತ್ತಿ ಅವನನ್ನು ನೋಡಿ, ಇವನೇ ಎನ್ನುವಂತೆ ಒಂದನ್ನೊಂದು ನೋಡಿಕೊಂಡು, ಮುಳುಗಿದವು.

ಹಿಲ್ಯಾ ಅತ್ತೆ ಮೆಟ್ಟಿಲಲ್ಲಿ ಕೂತು ಬೆರಳದ್ದಿ ರುಚಿ ನೋಡಿದಳು.

“ಉಪ್ಪಿಲ್ಲ. ಇದು ಸಮುದ್ರದ್ದಲ್ಲ. ಮೇಲಿಂದ ಬಂದದ್ದು.” ಆಮೇಲೆ ಎಲ್ಮಾರನ ಕಡೆ ತಿರುಗಿದಳು. “ನೀನೇನಂದೆ ಅಂತ ಸಾಲ್ಮೆ ಬರೆದು ತೋರಿಸಿದಳು. ನಿಮ್ಮೂರಲ್ಲಿ ನಾಲಿಗೆಗೆ ಬೀಗ ಹಾಕೋದು ಕಲಿಸಲ್ವೇನೋ?”

“ಮರ್ಯಾದೆಗೆ ಹೇಳ್ದೆ ಅತ್ತೆ.”

“ನಿನ್ನ ಮರ್ಯಾದೆಯಲ್ಲಿ ಈಗ ನನ್ನ ಕೋಸು ತೇಲ್ತಾ ಇದೆ.”

ಎಲ್ಮಾರ್ ಬೀದಿ ಕಚೇರಿಗೆ ಓಡಿದ. ಕಿಟಕಿಯಲ್ಲಿ ಶ್ರೀಮತಿ ರೆಬಾನೆ ಎಂಬ ಗುಮಾಸ್ತೆ, ತಲೆ ಎತ್ತದೆ ಫಾರಂ ಎಳೆದುಕೊಂಡಳು.

“ದೂರು ಯಾರ ಮೇಲೆ?”

“ನನ್ನ ಮೇಲೇ.”

“ಎದುರು ಪಾರ್ಟಿ ವಿಳಾಸ?”

“ಕೆರೆ.”

“ಕೆರೆ ದಡವೋ, ಕೆರೆ ರಸ್ತೆಯೋ?”

“ಕೆರೆ ಒಳಗೆ, ತಾಯಿ.”

“ನೀರಿನದ್ದು ಮೂರನೇ ಮಹಡಿ,” ಎಂದವಳು ಥಟ್ಟನೆ ಪೆನ್ನು ನಿಲ್ಲಿಸಿದಳು. ಮುಖ ಸುಣ್ಣವಾಯಿತು. “ಅವರು... ಕೇಳಿದ್ರಾ? ನೀವು ಏನಂತ ಹೇಳಿದ್ರಿ?”

ಎಲ್ಮಾರ್ ಟೋಪಿ ತಿರುಗಿಸುತ್ತ ಹೇಳಿದ. ಶ್ರೀಮತಿ ರೆಬಾನೆ ಕೋಟು ಹಾಕಿಕೊಂಡು, ಕಿಟಕಿಗೆ “ಊಟಕ್ಕೆ ಹೋಗಿದ್ದಾರೆ” ಎಂಬ ಹಲಗೆ ನೇತುಹಾಕಿ ಹೋದಳು. ಆಗಿನ್ನೂ ಬೆಳಗಿನ ಒಂಬತ್ತೂಕಾಲು. ಅವಳು ಬಸ್ಸು ಹತ್ತಿ ಬೆಟ್ಟದ ಮೇಲಿನ ಅಕ್ಕನ ಮನೆ ಸೇರಿದಳೆಂದು ಆಮೇಲೆ ತಿಳಿಯಿತು.

ಒಳಗೆ ಎಂಜಿನಿಯರ್ ರೈವೊ ಮಾತ್ರ ನೆಟ್ಟಗೆ ಕೂತಿದ್ದ. “ಎಲ್ಲೋ ಪೈಪು ಒಡೆದಿದೆ, ಅಷ್ಟೇ.”

“ಸಾಹೇಬ್ರೇ, ಒಂದೇ ಒಂದು ಕಲ್ಲು ಕಿತ್ತುಕೊಳ್ಳೋಕೆ ಬಿಡಿ. ಊರು ಮುಗಿದಿಲ್ಲ ಅಂತ ತೋರಿಸಿದರೆ ಸಾಕು.”

“ಮುಗಿದ ಕೆಲಸ ಮುಗೀಲಿಲ್ಲ ಅಂತ ತೋರಿಸೋಕೆ ಸರ್ಕಾರಿ ಬೀದಿ ಅಗೀತೀರಾ? ನಾನು ಸಹಿ ಹಾಕಿ ಆಗಿದೆ ಮಿಸ್ಟರ್ ಕಸ್ಕ್!”

ಸಹಿಗೆ ಹೆದರದೆ ಎಲ್ಮಾರ್ ಹಾರೆಗೋಲು ತಂದು ಕೊನೆಯ ಕಲ್ಲನ್ನು ಮೀಟಿದ. ಕೋಲು ಬಾಗಿತು, ಕಲ್ಲು ಜಪ್ಪಯ್ಯ ಅನ್ನಲಿಲ್ಲ. ತನ್ನ ಕೆಲಸ ಇಷ್ಟು ಚೆನ್ನಾಗಿರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಕಿವಿಯಿಟ್ಟು ಕೇಳಿದರೆ ಕಲ್ಲಿನಡಿ ಯಾರೋ ಬಹಳ ದೊಡ್ಡವರು ನಿಧಾನವಾಗಿ ಉಸಿರಾಡುತ್ತಿದ್ದ ಸದ್ದು. ಎಲ್ಮಾರ್ ಮೆಲ್ಲಗೆ ಕಿವಿ ತೆಗೆದು, ಕಲ್ಲಿನ ಮೇಲಿನ ಧೂಳನ್ನು ಗೌರವದಿಂದ ಒರೆಸಿ ಎದ್ದ.

ಉಳಿದದ್ದು ಒಂದೇ ದಾರಿ. ಊರಲ್ಲಿ ಬೇರೆ ಯಾವುದಾದರೂ ಮುಗಿಯದ ಸಂಗತಿ ಹುಡುಕಿ ಎರಡು ಗಂಟೆಗೆ ತೋರಿಸಬೇಕು. ಆದರೆ ಮನುಷ್ಯನ ಸ್ವಭಾವ ನೋಡಿ. ಮುಳುಗುವ ಸುದ್ದಿ ಓಣಿಯಿಂದ ಓಣಿಗೆ ಪಿಸುಮಾತಲ್ಲಿ ಹರಡಿದ್ದೇ ತಡ, ಎಲ್ಲರೂ ತಂತಮ್ಮ ಬಾಕಿ ಕೆಲಸಗಳನ್ನು ಮುಗಿಸಲು ಕೂತುಬಿಟ್ಟರು. ಔಷಧದಂಗಡಿಯವನು ಅರ್ಧ ಬಣ್ಣ ಬಳಿದಿದ್ದ ಬಾಗಿಲಿಗೆ ಉಳಿದರ್ಧ ಬಳಿದ. ಬೀದಿಗಳು ನಿಶ್ಶಬ್ದ; ಮಂಜಿನೊಳಗೆ ಎಲ್ಲ ಕಡೆಯಿಂದ ಬರುತ್ತಿದ್ದುದು ಒರೆಸುವ, ಹೊಲಿಯುವ, ಮೊಳೆ ಹೊಡೆಯುವ ಸದ್ದು, ಮತ್ತು ಕೊಳವೆಗಳ ತೊಟ್ ತೊಟ್.

ಎಲ್ಮಾರನ ದೊಡ್ಡ ನಂಬಿಕೆಯಿದ್ದದ್ದು ಮೂಲೆಮನೆಯ ಅಣ್ಣತಮ್ಮಂದಿರ ಮೇಲೆ. ತೋನಿಸ್ ಮತ್ತು ಮಾರ್ಗುಸ್ ಒಂದು ಮೆಟ್ಟಿಲಸಾಲು ಯಾರದೆಂದು ಹದಿನಾಲ್ಕು ವರ್ಷದಿಂದ ಜಗಳವಾಡುತ್ತಿದ್ದರು. ಆ ಜಗಳ ಇನ್ನೂರು ವರ್ಷ ನಡೆಯುವ ಲಕ್ಷಣವಿತ್ತು. ಓಡಿಹೋಗಿ ನೋಡಿದರೆ ಇಬ್ಬರೂ ಅದೇ ಮೆಟ್ಟಿಲ ಮೇಲೆ ಕೂತು ಒಂದೇ ತಟ್ಟೆಯಿಂದ ಕರಿರೊಟ್ಟಿಯ ಮೇಲೆ ಉಪ್ಪುಮೀನು ಇಟ್ಟುಕೊಂಡು ತಿನ್ನುತ್ತಿದ್ದರು.

“ನಿಮ್ಮ ದಮ್ಮಯ್ಯ, ಒಂದು ಬೈಗುಳವಾದ್ರೂ ಬೈದಾಡಿ!”

“ಇನ್ನೇನು ಬೈಯೋದು ಎಲ್ಮಾರ್,” ಎಂದ ತೋನಿಸ್ ಕಣ್ಣೊರೆಸಿಕೊಂಡು. “ಮೆಟ್ಟಿಲು ಅವನದೇ.”

“ಇಲ್ಲ, ಅಣ್ಣಂದೇ,” ಎಂದ ಮಾರ್ಗುಸ್.

ಎಲ್ಮಾರನಿಗೆ ಒಂದು ಕ್ಷಣ ಆಸೆ ಹುಟ್ಟಿತು. ಆದರೆ ಅವರು ತಬ್ಬಿಕೊಂಡರು.

ಹಿಲ್ಯಾ ಅತ್ತೆಯ ಕಾಲುಚೀಲವಾದರೂ ಇತ್ತಲ್ಲ ಎಂದು ಏದುಸಿರು ಬಿಡುತ್ತ ಅವಳ ಮಹಡಿ ಹತ್ತಿದ. ಮೊದಲ ಗಂಡ ಬದುಕಿದ್ದಾಗ ಶುರುಮಾಡಿದ ಆ ಚೀಲವನ್ನು ಅವಳು ಹೆಣೆಯುತ್ತ ಬಿಚ್ಚುತ್ತ ನಲವತ್ತು ವರ್ಷ ಕಳೆದಿದ್ದಳು. ಅತ್ತೆ ಕಾಲು ಚಾಚಿ ಕೂತಿದ್ದಳು. ಕಾಲಲ್ಲಿ ಚೀಲ.

“ಅತ್ತೆ! ಬಿಚ್ಚಿ ಅದನ್ನ!”

“ಬಿಚ್ಚೋದಾ? ನಲವತ್ತು ವರ್ಷಕ್ಕೆ ಮುಗಿಸಿದೀನಿ. ನೀರು ಬಂದಾಗ ನಾನು ಬರಿಗಾಲಲ್ಲಿ ಸಾಯಲೇನೋ?”

ಎರಡು ಹೊಡೆಯಿತು.

ನಡಿಗೆ ಶುರುವಾಗುವ ವಿರು ಹೆಬ್ಬಾಗಿಲಿನ ಜೋಡಿ ಬುರುಜುಗಳ ನಡುವೆ ಕೆರೆಯಜ್ಜ ಆಗಲೇ ಬಂದು ನಿಂತಿದ್ದ. ಎಲ್ಮಾರ್ ಬಿಳಿ ಕೊಡೆ ಎತ್ತಿ ಹಿಡಿದ. ಕೊಡೆ ಮಂಜಿನಲ್ಲಿ ದೆವ್ವದ ಹಾಗೆ ಕುಣಿಯಿತು. ಹತ್ತು ಮಾರು ಹಿಂದೆ ಓಣಿಯ ಜನ, ಅಂತ್ಯಕ್ರಿಯೆಗೆ ಹೊರಟವರಂತೆ ಸಾಲಾಗಿ, ಕೈಯಲ್ಲಿ ಮೇಣದಬತ್ತಿ ಹಿಡಿದು ಬಂದರು.

ಅಜ್ಜನಂಥ ಯಾತ್ರಿಕ ಯಾವ ಮಾರ್ಗದರ್ಶಿಗೂ ಸಿಕ್ಕಿರಲಾರ. ಅವನು ಪ್ರತಿಯೊಂದನ್ನೂ ನೋಡಿದ. ಚರ್ಚಿನ ಶಿಖರವನ್ನು ತಲೆಯೆತ್ತಿ ನೋಡಿ, “ಕಳೆದ ಸಲ ಇದಕ್ಕೆ ಮರ ಕಟ್ಟಿತ್ತು,” ಎಂದ.

“ಹೌದು ತಂದೆ... ಮತ್ತೆ ಕಟ್ತಾರೆ...”

“ಈಗ ಇಲ್ಲ. ಮುಗಿದಿದೆ.”

ಅವನು “ಮುಗಿದಿದೆ” ಎಂದಾಗಲೆಲ್ಲ ಕಲ್ಲುಗಳ ಸಂದಿನಿಂದ ನೀರು ಒಂದಿಷ್ಟು ಉಕ್ಕಿ, ನೋಡುತ್ತಿದ್ದಂತೆ ಇಳಿಯುತ್ತಿತ್ತು. ಚೌಕದ ಗುಂಡಿ ಮುಚ್ಚಿತ್ತು. ಮುಗಿದಿದೆ. ಗಾರೆಯ ಗೋಡೆ ಕನ್ನಡಿಯಂತಿತ್ತು. ಮುಗಿದಿದೆ. ಮೂಲೆಮನೆಯ ಮೆಟ್ಟಿಲ ಮೇಲೆ ಅಣ್ಣತಮ್ಮಂದಿರು ಕೈಕೈ ಹಿಡಿದು ಎದ್ದು ನಿಂತರು. ಅಜ್ಜ ಅವರನ್ನು ಬಹಳ ಹೊತ್ತು ನೋಡಿದ. “ಇದು ಮುಗಿಯುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ,” ಎಂದ. ನೀರು ಹಿಮ್ಮಡಿ ಮುಟ್ಟಿತು.

ಕೊನೆಗೆ ಹಗ್ಗದವರ ಓಣಿ. ಅಜ್ಜ ಕೊನೆಯ ಕಲ್ಲಿನ ಮೇಲೆ ಎರಡೂ ಪಾದವಿಟ್ಟು ನಿಂತ.

“ಚೆನ್ನಾಗಿ ಕೂರಿಸಿದೀಯ.”

ಮೂವತ್ತೊಂದು ವರ್ಷದಲ್ಲಿ ಎಲ್ಮಾರನ ಕೆಲಸಕ್ಕೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಸಾವಿನ ಬಾಯಲ್ಲಿ ನಿಂತಿದ್ದರೂ ಅವನ ಮುಖ ಒಂದು ಗಳಿಗೆ ಅರಳಿತು. ಹಿಂದೆ ಜನರ ಸಾಲಿನಿಂದ ಹಿಲ್ಯಾ ಅತ್ತೆ, “ಹಲ್ಲು ಕಿರೀತಾನೆ ನೋಡು ಮುಠ್ಠಾಳ!” ಎಂದಳು.

“ನೋಡಿ ಆಯ್ತು,” ಎಂದ ಅಜ್ಜ. “ಶುರು ಮಾಡೋ ಮುಂಚೆ ಒಂದು ಮಾತು. ನಿನ್ನೆ ಏನೋ ಕೊಡ್ತೀನಿ ಅಂದಿದ್ದೆ.”

ಮಾರ್ತ್ ತಂದೆಗೆ ಕೊಡಬೇಕಾದದ್ದನ್ನು ಬಾಕಿ ಉಳಿಸಿಕೊಂಡು ಸಾಯುವುದು ಎಲ್ಮಾರನ ಮನೆತನದಲ್ಲಿ ಇರಲಿಲ್ಲ. “ಬನ್ನಿ ತಂದೆ, ಮನೆ ಇಲ್ಲೇ,” ಎಂದ.

ಅಡುಗೆಮನೆಯಲ್ಲಿ ಸಾಲ್ಮೆ ಮೇಜಿಗೆ ಒಗೆದ ಬಟ್ಟೆ ಹಾಸಿ ಕೂತಿದ್ದಳು. ಅಜ್ಜ ಹೊಸ್ತಿಲು ದಾಟಿದಾಗ ಒಲೆಯ ಬೆಂಕಿ ನೀಲಿಯಾಗಿ ಮುದುಡಿತು. ಬಾಗಿಲಲ್ಲಿ ಓಣಿಯ ಜನ ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿ ಇಣುಕಿದರು. ಸಾಲ್ಮೆ ಅರ್ಧ ಕರಿರೊಟ್ಟಿ ಮುರಿದು ಕೊಟ್ಟು, ಮುರಬ್ಬ ಬೇಕಾದರೆ ತೆಗೆದುಕೊಳ್ಳಿ ಎಂದು ಜಾಡಿಗಳತ್ತ ಕೈ ತೋರಿಸಿದಳು.

“ಇವು ಯಾಕೆ ನೆಲದ ಮೇಲಿವೆ?” ಎಂದ ಅಜ್ಜ. ಬಗ್ಗಿ ಒಂದು ಜಾಡಿ ಎತ್ತಿಕೊಳ್ಳುವಾಗ ಆಸರೆಗೆಂದು ಬಾಗಿಲ ಹಿಂದೆ ಕೈ ಇಟ್ಟ. ಕೈಗೆ ಹಲಗೆಗಳು ಸಿಕ್ಕಿದವು. ದಪ್ಪನಾದ ಧೂಳಿನ ಮೇಲೆ ಒದ್ದೆ ಬೆರಳುಗಳ ಗುರುತು ಮೂಡಿತು. “ಇದೇನು?”

ಎಲ್ಮಾರ್ ಬಾಯಿ ತೆರೆಯುವ ಮೊದಲೇ, ಐದು ದಿನದಿಂದ ಮೂಕವಾಗಿದ್ದ ಗಂಟಲೊಂದು ತುಕ್ಕು ಹಿಡಿದ ಬಾಗಿಲಂತೆ ಕರಕರ ಎಂದಿತು.

“ಕಪಾಟು,” ಎಂದಳು ಸಾಲ್ಮೆ.

ಅಜ್ಜ ಹಲಗೆಗಳನ್ನು ನೋಡಿದ. “ಕಪಾಟು ಎಲ್ಲಿ?”

“ಅದನ್ನೇ ನಾನೂ ಕೇಳ್ತಿದೀನಿ. ಇಪ್ಪತ್ತೆರಡು ವರ್ಷದಿಂದ.”

ಅಜ್ಜ ನಿಧಾನವಾಗಿ ಎಲ್ಮಾರನ ಕಡೆ ತಿರುಗಿದ. ಕೆರೆಯ ತಳದಷ್ಟು ಹಳೆಯ ಕಣ್ಣುಗಳು. “ಯಾವಾಗ ಮಾಡ್ತೀಯ?”

ಆ ಗಳಿಗೆಯಲ್ಲಿ ಎಲ್ಮಾರ್ ಉಪಾಯ ಹೂಡಿದನೆಂದು ಓಣಿಯಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಅವನನ್ನು ಬಲ್ಲವರು ನಂಬುವುದಿಲ್ಲ. ಅವನ ಬಾಯಿಂದ ಬಂದದ್ದು, ನಿನ್ನೆ “ಮುಗೀತು ತಂದೆ” ಬಂದಂತೆಯೇ, ಬರೀ ಅಭ್ಯಾಸಬಲದಿಂದ.

“ಈ ಶನಿವಾರ.”

ಅಜ್ಜನ ಗಡ್ಡದಿಂದ ಒಂದು ಹನಿ ತೊಟ್ಟಿಕ್ಕಿತು. ಆಮೇಲೆ ಬಾಗಿಲಲ್ಲಿ ಹಿಲ್ಯಾ ಅತ್ತೆ ಕಿಸಕ್ಕೆಂದಳು. ತೋನಿಸ್ ಮೂಗು ಹಿಡಿದುಕೊಂಡ. ಸಾಲ್ಮೆ ಮೇಜಿನ ಮೇಲೆ ತಲೆಯಿಟ್ಟು, ದನಿಯಿಲ್ಲದೆ ತಿದಿಯೊತ್ತಿದ ಹಾಗೆ ಬುಸಬುಸ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ಓಣಿಗೆ ಓಣಿಯೇ ನಕ್ಕಿತು. ನಗದವರು ಇಬ್ಬರೇ. ಒಬ್ಬ, ತಾನೇನು ತಪ್ಪು ಹೇಳಿದೆನೆಂದು ತಿಳಿಯದೆ ಪೆಚ್ಚಾಗಿ ನಿಂತ ಎಲ್ಮಾರ್. ಇನ್ನೊಬ್ಬ ಅಜ್ಜ.

“ಅವನು ಹೀಗನ್ನೋದು ಎಷ್ಟನೇ ಸಲ?” ಎಂದು ಅಜ್ಜ ಸಾಲ್ಮೆಯನ್ನು ಕೇಳಿದ.

“ವರ್ಷಕ್ಕೆಷ್ಟು ಶನಿವಾರ ಇದಾವೋ ನೋಡಿಕೊಳ್ಳಿ.”

ಅಜ್ಜ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ಬಲು ದೂರ ನಡೆದು ಬಂದು, ಮನೆಗೆ ಬೀಗ ಹಾಕಿರುವುದನ್ನು ಕಂಡ ನೆಂಟನ ನಿಟ್ಟುಸಿರು ಅದು. “ಹಾಗಾದ್ರೆ ಊರು ಇನ್ನೂ ಮುಗಿದಿಲ್ಲ,” ಎಂದ. ರೊಟ್ಟಿಯನ್ನೂ ಮುರಬ್ಬದ ಜಾಡಿಯನ್ನೂ ತಿರುವಿದ ಕೋಟಿನೊಳಗೆ ಇಟ್ಟುಕೊಂಡ. “ಬರುವ ವರ್ಷ ನೋಡೋಣ.”

“ಬನ್ನಿ ತಂದೆ, ಅಷ್ಟರಲ್ಲಿ ಖಂಡಿತ ಆಗಿ...” ಎನ್ನುವಷ್ಟರಲ್ಲಿ ಸಾಲ್ಮೆ ಎಲ್ಮಾರನ ಹೆಬ್ಬೆರಳನ್ನು ಹಿಮ್ಮಡಿಯಿಂದ ತುಳಿದಳು.

ಕತ್ತಲಾಗುವ ಹೊತ್ತಿಗೆ ನೆಲಮಾಳಿಗೆಗಳ ನೀರು ಇಳಿದುಹೋಗಿ, ಆಲೂಗಡ್ಡೆ ತೊಳೆದಿಟ್ಟ ಹಾಗೆ ಉಳಿಯಿತು. ಎಂಜಿನಿಯರ್ ರೈವೊ, ಪೈಪು ತಾನಾಗಿ ಸರಿಹೋಯಿತೆಂದು ವರದಿ ಬರೆದ. ಬರೆದು, ಕೊನೆಯ ಸಾಲಿಗೆ ಚುಕ್ಕಿ ಇಡದೆ ಬಿಟ್ಟ. ಶ್ರೀಮತಿ ರೆಬಾನೆ ಮೂರನೆಯ ದಿನ ಊಟ ಮುಗಿಸಿ ಬಂದಳು. ಅಣ್ಣತಮ್ಮಂದಿರು ಆ ತಟ್ಟೆ ಯಾರದೆಂದು ಜಗಳ ಶುರುಮಾಡಿದರು. ಹಿಲ್ಯಾ ಅತ್ತೆ ಎರಡನೆಯ ಕಾಲಿನ ಚೀಲಕ್ಕೆ ನೂಲು ಸುತ್ತಿದಳು.

ನಾಚಿಕೆಯಾದದ್ದು ಎಲ್ಮಾರನಿಗೆ. ಮುಂದಿನ ಶನಿವಾರ ಬೆಳಿಗ್ಗೆ ಅವನು, ಹುಟ್ಟಿದ ಮೇಲೆ ಮೊದಲ ಸಲ, ನಿಜವಾಗಿಯೂ ಮೊಳೆ ಸುತ್ತಿಗೆ ಹಿಡಿದು ಹಲಗೆಗಳ ಮುಂದೆ ನಿಂತ. ಸುತ್ತಿಗೆ ಎತ್ತಿದ್ದಷ್ಟೇ. ಸಾಲ್ಮೆ ಕೈಹಿಡಿದಳು, ಗೋಡೆಯಾಚೆಯಿಂದ ಹಿಲ್ಯಾ ಅತ್ತೆ, “ಕೊಲೆ! ಕೊಲೆ!” ಎಂದು ಕೂಗಿದಳು, ಮೆಟ್ಟಿಲಲ್ಲಿ ಓಣಿಯವರ ಬೂಟುಗಳು ಓಡಿಬಂದ ಸದ್ದಾಯಿತು. ಅಂದಿನಿಂದ ಮೊಳೆಯ ಡಬ್ಬಿ ಓಣಿಯವರ ವಶದಲ್ಲಿದೆ. ಎಲ್ಲಿದೆಯೆಂದು ಎಲ್ಮಾರನಿಗೆ ಯಾರೂ ಹೇಳುವುದಿಲ್ಲ.

ಜಾಡಿಗಳು ಈಗಲೂ ನೆಲದ ಮೇಲಿವೆ. ಹಲಗೆಯ ಮೇಲಿನ ಐದು ಬೆರಳಿನ ಗುರುತು ಇನ್ನೂ ಆರಿಲ್ಲ. ಪ್ರತಿ ಶುಕ್ರವಾರ ಸಂಜೆ ಪಾತ್ರೆ ತೊಳೆದಾದ ಮೇಲೆ ಸಾಲ್ಮೆ ಬಚ್ಚಲ ತೂತಿನ ಕಡೆ ಬಗ್ಗಿ, ವಾಸಿಯಾದ ತನ್ನ ಗಂಟಲನ್ನೆಲ್ಲ ಬಳಸಿ ಕೇಳುತ್ತಾಳೆ:

“ಎಲ್ಮಾರ್! ನಂಗೆ ಕೊಡಬೇಕಾದ ಕಪಾಟು ಯಾವಾಗ ಕೊಡ್ತೀಯ?”

ಎಲ್ಮಾರ್ ಪತ್ರಿಕೆ ಕೆಳಗಿಟ್ಟು ಅಷ್ಟೇ ಗಟ್ಟಿಯಾಗಿ, “ನಾಳೆ!” ಎನ್ನುತ್ತಾನೆ.

ಇಬ್ಬರೂ ಉಸಿರು ಹಿಡಿದು ಕಾಯುತ್ತಾರೆ. ಬಹಳ ಕೆಳಗಿನಿಂದ, ಕೊಳವೆಯೊಳಗಿನಿಂದ, ಯಾರೋ ನಿಟ್ಟುಸಿರು ಬಿಟ್ಟು ಮಗ್ಗಲು ಬದಲಿಸಿದ ಸದ್ದು ಕೇಳಿದ ಮೇಲೆ ದೀಪ ಆರಿಸುತ್ತಾರೆ.